ಮೂರನೆಯ ಗೋಲಿ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಗೋಡೆಯ ಆಚೆಗೂ ಈಚೆಗೂ ಪವರ್‌ಲೂಮ್ ಬಡಿದುಕೊಳ್ಳುತ್ತಿರುವಾಗ ಮೆಲ್ಲಗೆ ಆಡಿದ ಮಾತು ಆಡದಂತೆಯೇ. ತಾಯಿ ಮಗುವನ್ನು ಕೂಗಿ ಕರೆಯುತ್ತಾಳೆ, ಬೀಗರು ಕೂಗಿ ಕ್ಷೇಮ ಕೇಳುತ್ತಾರೆ, ಕೂಗಿದರೂ ಕೇಳಿಸದಿದ್ದರೆ ಕೈ ಆಡಿಸಿ ಹೇಳುತ್ತಾರೆ. ಇಂಥ ಓಣಿಯಲ್ಲಿ ಒಬ್ಬನ ಕಿವಿ ಹೋದರೆ ಮಂದಿಗೆ ತಿಳಿಯುವುದು ತಡ. ಅವನಿಗೇ ತಿಳಿಯುವುದು ಇನ್ನೂ ತಡ.

ಸೋಡಾದ ಚನಮಲ್ಲಪ್ಪನಿಗೆ ಈಗ ಅರವತ್ತೆಂಟು. ಮೀಸೆ ಮೂಡುವ ಮೊದಲೇ ಅಪ್ಪನ ಯಂತ್ರದ ಹಿಡಿಕೆ ಹಿಡಿದವನು, ಇಂದಿಗೂ ಗೋಲಿ ಸೋಡಾ ತುಂಬುತ್ತಾನೆ. ಕೆಲಸ ನೋಡುವುದಕ್ಕೆ ಸುಲಭ. ತಣ್ಣೀರು ತುಂಬಿದ ಮೂರು ಬಾಟಲಿಗಳನ್ನು ಕಬ್ಬಿಣದ ಗೂಡಿನಲ್ಲಿಟ್ಟು, ಸಿಲಿಂಡರಿನ ಗ್ಯಾಸು ಬಿಟ್ಟು, ಹಿಡಿಕೆಯಿಂದ ಗೂಡನ್ನು ಸುತ್ತಿಸಬೇಕು. ಸುತ್ತಿದಷ್ಟೂ ನೀರು ಗ್ಯಾಸನ್ನು ಕುಡಿಯುತ್ತದೆ. ಬಾಟಲಿ ತಲೆಕೆಳಗಾದಾಗ ಒಳಗಿನ ಗೋಲಿ ಕುತ್ತಿಗೆಗೆ ಜಾರಿ ರಬ್ಬರ್ ಉಂಗುರಕ್ಕೆ ಬಡಿದು ಕೂರುತ್ತದೆ. ಬೇರೆ ಮುಚ್ಚಳವಿಲ್ಲ, ಒಳಗಿನ ಒತ್ತಡವೇ ಗೋಲಿಯನ್ನು ಹಿಡಿದಿಡುತ್ತದೆ. ಅದು ಗಟ್ಟಿ ಕೂರುವ ಮುನ್ನ ಬಾಟಲಿ ತೆಗೆದರೆ ಗ್ಯಾಸು ಸೋರಿ ಮರುದಿನ ಬರೀ ನೀರು ಉಳಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗಾಜು ಸಿಡಿಯುತ್ತದೆ. ಇವೆರಡರ ನಡುವಿನ ಗಳಿಗೆಯನ್ನು ತೋರಿಸಲು ಆ ಹಳೆಯ ಯಂತ್ರದಲ್ಲಿ ಏನೂ ಇಲ್ಲ. ಗ್ಯಾಸಿನ ಸುಯ್ ಎನ್ನುವ ಸದ್ದು ಸಣ್ಣದಾಗುತ್ತ ಬಂದು ಟಕ್, ಟಕ್, ಟಕ್ ಎಂದು ಮೂರು ಗೋಲಿ ಬಿದ್ದದ್ದನ್ನು ಕಿವಿಯೇ ಹೇಳಬೇಕು.

ಅವನ ಅಪ್ಪನ ಎಡಗಣ್ಣು ಹೀಗೆ ಸಿಡಿದ ಬಾಟಲಿಯೊಂದಕ್ಕೆ ಹೋಗಿತ್ತು. ಅದಕ್ಕೇ ತುಂಬುವ ಕೋಣೆಯೊಳಗೆ ಚನಮಲ್ಲಪ್ಪ ಯಾರನ್ನೂ ಬಿಡುತ್ತಿರಲಿಲ್ಲ. ತಾನು ಮಾತ್ರ ಮುಖಕ್ಕೆ ತಂತಿಜಾಳಿಗೆಯ ಮುಖವಾಡ ಕಟ್ಟಿ, ಗೋಣಿತಟ್ಟು ಸುತ್ತಿಕೊಂಡು ಒಳಗೆ ಹೋಗುತ್ತಿದ್ದ. ಹೆಂಡತಿ ಬನಶಂಕರಿ ಮೂವತ್ತೊಂಬತ್ತು ವರ್ಷ ಹಿತ್ತಲಿನ ತೊಟ್ಟಿಯಲ್ಲಿ ಬಾಟಲಿ ತೊಳೆದು ಹೊಸ್ತಿಲ ಈಚೆಗೇ ಇಟ್ಟು ಹಿಂದಿರುಗಿದವಳು.

ಈ ಬೇಸಿಗೆಯ ಒಂದು ಮುಂಜಾನೆ ಬಸ್ ಸ್ಟ್ಯಾಂಡಿನ ಹತ್ತಿರ ತಂಪು ಪಾನೀಯದ ಅಂಗಡಿಯಿಟ್ಟಿರುವ ಪ್ರಭುಲಿಂಗ ತುಂಬಿದ ಕ್ರೇಟನ್ನೇ ತಿರುಗಿ ತಂದು ಕಟ್ಟೆಯ ಮೇಲೆ ಕುಕ್ಕಿದ.

“ಕಾಕಾ, ಇದು ಸೋಡಾನೋ ಅಭಿಷೇಕದ ನೀರೋ? ಹೊಟ್ಟಿ ಉಬ್ಬೇತಿ ಅಂತ ಬಂದಾಂವಗ ಕೊಟ್ಟೆ. ಕುಡದು, ‘ನೀರ ಆತು, ಇನ್ನ ಸೋಡಾ ಕೊಡ್ರಿ’ ಅಂದ.”

“ಲೇ ಪ್ರಭ್ಯಾ, ನಿಮ್ಮಪ್ಪ ಈ ಸೋಡಾ ಕುಡದು ತೇಗಿದ್ರ ಮಹಾಲಿಂಗಪುರದಾಗ ಕೇಳತಿತ್ತು!”

“ಅಪ್ಪನ ಕಾಲ ಆತು ಬಿಡ್ರಿ. ಈ ವಾರ ನೋಡತೇನಿ. ಹಿಂಗ ಇದ್ರ ಸೋಮವಾರದಿಂದ ಪ್ಲಾಸ್ಟಿಕ್ ಬಾಟ್ಲಿ ತರಸಾಂವ. ಮನಸಿಗೆ ಹಚಗೋಬ್ಯಾಡ್ರಿ.”

ಉಳಿದ ಅಂಗಡಿಯವರು ಇಷ್ಟೂ ಹೇಳದೆ ಬಿಟ್ಟುಹೋಗಿದ್ದರು. ಪ್ರಭುಲಿಂಗನೂ ಬಿಟ್ಟರೆ ಯಂತ್ರ ನಿಂತಂತೆಯೇ. ಚನಮಲ್ಲಪ್ಪ ಮೊದಲು ರಬ್ಬರನ್ನು ಬೈದ, ಎಲ್ಲ ಬಾಟಲಿಗಳಿಗೂ ಹೊಸ ಉಂಗುರ ಹಾಕಿದ. ಆಮೇಲೆ ನೀರನ್ನು ಬೈದ, ಐಸು ತಂದು ಸುರಿದ. ಕೊನೆಗೆ ಸಿಲಿಂಡರ್ ಬದಲಿಸಿದ. ಗುರುವಾರ ಒಂದು ಬಾಟಲಿ ತೆರೆದು ನೋಡಿದರೆ ಗೋಲಿ ಸತ್ತ ಮೀನಿನಂತೆ ಜಾರಿತು. ಒಂದು ಗುಳ್ಳೆಯೂ ಏಳಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಚನಮಲ್ಲಪ್ಪನ ಯಂತ್ರಕ್ಕೆ ಕರೆಂಟಿನ ಹಂಗಿಲ್ಲ; ಅವನು ಹಿಡಿಕೆ ತಿರುಗಿಸುತ್ತಲೇ ಇದ್ದ. ಗೋಲಿ ಬೀಳುವ ಸದ್ದಿಗೆ ಕಾದ. ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ಇವತ್ತು ಗೋಲಿಗಳು ಹಟ ಹಿಡಿದಿವೆ ಎಂದುಕೊಂಡು ಮತ್ತೊಂದು ಸುತ್ತಿಗೆ ಹಿಡಿಕೆ ಎತ್ತಿದಾಗ ಒದ್ದೆಯ ಕೈಯೊಂದು ಅವನ ತೋಳಿನಡಿಯಿಂದ ಬಂದು ಸಿಲಿಂಡರಿನ ಕೀಲಿ ತಿರುವಿ ಬಂದ್ ಮಾಡಿತು.

“ಏನ್ ಮಾಡಾಕತ್ತೀರಿ?” ಬನಶಂಕರಿ ಕೂಗಿದಳು. “ಮೂರೂ ಬಿದ್ದು ಎಷ್ಟೊತ್ತಾತು! ಹಿತ್ತಲದಾಗ ನನಗ ಕೇಳತು.”

“ಬಿದ್ದಿಲ್ಲ. ನೀ ಹೊರಗ ನಡಿ.”

ಅವಳು ಹೋಗಲಿಲ್ಲ. ಹೊಸ್ತಿಲ ಬಳಿಯಿದ್ದ ಖಾಲಿ ಬಾಟಲಿಯೊಂದನ್ನು ತಂದು, ಅವನ ಬೆನ್ನ ಹಿಂದೆ ನಿಂತು ಅಲುಗಿಸಿದಳು. ಗೋಲಿ ಗಾಜಿಗೆ ಬಡಿದು ಗಲಗಲ ಎಂದಿತು. ಅವನು ತಿರುಗಿ ನೋಡಲಿಲ್ಲ. ಬಾಟಲಿಯನ್ನು ಅವನ ಕಿವಿಯ ಪಕ್ಕಕ್ಕೇ ತಂದಳು.

“ಕೇಳತೇತೇನ್ರಿ?” ಎಂದು ಕೂಗಿದಳು.

“ಏನು?” ಎಂದು ತಿರುಗಿದವನು ಅವಳ ಕೈಯಲ್ಲಿದ್ದ ಬಾಟಲಿಯನ್ನೂ ಅವಳ ಮುಖವನ್ನೂ ನೋಡಿದ. ಮುಖವಾಡ ಬಿಚ್ಚಿ ಕ್ರೇಟಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಪಕ್ಕದ ಮನೆಯ ನಿಂಗಣ್ಣನ ಮಗ್ಗ ಶುರುವಾಯಿತು. ಟಕ್, ಟಕ್, ಟಕ್. ಆ ದಪ್ಪ ಸದ್ದು ಗೋಡೆಯಿಂದ ಕ್ರೇಟಿಗೆ, ಕ್ರೇಟಿನಿಂದ ಅವನ ಎಲುಬಿಗೆ ಚೆನ್ನಾಗಿಯೇ ಬಂತು. ಇಷ್ಟು ತಿಂಗಳು ಗೋಲಿ ಬಿತ್ತೆಂದು ತಾನು ಎಣಿಸಿದ್ದು ಯಾವ ಸದ್ದನ್ನು ಎಂದು ಅವನಿಗೆ ತಿಳಿಯಿತು. ಗ್ಯಾಸಿನ ಸಣ್ಣ ದನಿ ಯಾವಾಗ ನಿಂತಿತೆಂಬುದು ನೆನಪಾಗಲಿಲ್ಲ.

ತಲೆ ಎತ್ತಿ ಕೇಳಿದ: “ನಿನಗ ಹಿತ್ತಲದಾಗ ಕೇಳತು?”

“ಮೂರೂ ಕೇಳಿದ್ವು,” ಎಂದು ಮೂರು ಬೆರಳು ಎತ್ತಿ ತೋರಿಸಿದಳು.

ಅವನು ಎದ್ದು ಮುಖವಾಡವನ್ನು ಅವಳ ಮುಖಕ್ಕೆ ಹಿಡಿದು, ಅವಳ ಅಳತೆಗೆ ದಾರವನ್ನು ಬಿಗಿಮಾಡಿ ಕಟ್ಟಿದ. ಗೋಣಿತಟ್ಟು ಸುತ್ತಿದ. “ಹೊಸ್ತಿಲಾ ದಾಟಬ್ಯಾಡ ಅಂದಾಂವ ನಾನ. ಈಗ ದಾಟು ಅನ್ನಾಂವನೂ ನಾನ.”

“ದಾಟಿ ಆಗೇತಿ,” ಅಂದಳು ಬನಶಂಕರಿ. “ಸರೀರಿ ಅತ್ತಾಗ.”

ಶನಿವಾರ ಮತ್ತು ಭಾನುವಾರ ಅವರು ನಸುಕಿನಲ್ಲಿ, ಮಗ್ಗಗಳು ಏಳುವ ಮುನ್ನ, ತುಂಬಿದರು. ಆ ಹೊತ್ತಿಗೆ ನೀರೂ ತಂಪಾಗಿರುತ್ತದೆ. ಅವನು ಹೊಸ್ತಿಲ ಈಚೆ ನಿಂತು ಹಿಡಿಕೆಯ ವೇಗವನ್ನು ಕೈಸನ್ನೆಯಿಂದ ತೋರಿಸುತ್ತಿದ್ದ. ಯಾವಾಗ ನಿಲ್ಲಿಸಬೇಕೆಂದು ತೋರಿಸಲಿಲ್ಲ. ಅದು ಅವನಿಗೆ ಗೊತ್ತಾಗುವಂತಿರಲಿಲ್ಲ. ಮೊದಲ ದಿನ ಎರಡು ಬಾಟಲಿ ಗೂಡಿನೊಳಗೇ ಒಡೆದವು. ಮೊದಲ ಸಿಡಿತಕ್ಕೆ ಅವನು ಒಳಗೆ ಓಡಿದ. ಎರಡನೆಯದಕ್ಕೆ ಅವಳೇ ಕೈಯೆತ್ತಿ ಅವನನ್ನು ಹೊಸ್ತಿಲಲ್ಲೇ ತಡೆದಳು.

ಸೋಮವಾರ ಹತ್ತರ ಹೊತ್ತಿಗೆ ಪ್ರಭುಲಿಂಗ ಬಂದ. ನಿನ್ನೆ ತುಂಬಿದ ಬಾಟಲಿಯೊಂದನ್ನು ಆರಿಸಿ ಹೆಬ್ಬೆರಳಿನಿಂದ ಗೋಲಿ ಒತ್ತಿದ. ಸೋಡಾ ಬುಸ್ಸೆಂದು ಉಕ್ಕಿ ಅವನ ಮುಂಗೈಯಿಂದ ಮೊಣಕೈಗೆ ಇಳಿಯಿತು. ಕುಡಿದು, ಕಣ್ಣು ಮುಚ್ಚಿ, ಮೂಗು ಒರೆಸಿಕೊಂಡ.

“ಇದು ನೋಡ್ರಿ ನಮ್ಮ ಕಾಕಾನ ಕೈ!”

ಚನಮಲ್ಲಪ್ಪ ಅವನ ತುಟಿಗಳನ್ನೇ ನೋಡುತ್ತಿದ್ದ, ಮಾತು ತಿಳಿಯಿತು. ಅದನ್ನು ಹಾಗೆಯೇ ಬಿಡಬಹುದಿತ್ತು. ತೆರೆದ ಬಾಗಿಲಾಚೆ ಹಿತ್ತಲಿನ ತೊಟ್ಟಿಯ ಬಳಿ ಕಾಣುತ್ತಿದ್ದ ಬನಶಂಕರಿ ತಲೆ ಎತ್ತಲಿಲ್ಲ.

“ನನ್ನ ಕೈ ಅಲ್ಲೋ. ಅಕೀದು. ನನಗ ಕಿವಿ ಕೇಳೂದಿಲ್ಲ.”

ಮಗ್ಗದ ಸದ್ದಿನಲ್ಲಿ ಪ್ರಭುಲಿಂಗನಿಗೆ ಅದು ಕೇಳಲಿಲ್ಲ. “ಏನಂದ್ರಿ ಕಾಕಾ?” ಎಂದು ಕಿವಿಗೆ ಕೈ ಹಚ್ಚಿದ.

ಚನಮಲ್ಲಪ್ಪ ಕಟ್ಟೆಯಿಂದ ಎದ್ದು ನಿಂತು, ಅದನ್ನೇ ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ನಿಂಗಣ್ಣನ ಮನೆಯ ಕಿಟಕಿಯಲ್ಲಿ ಎರಡು ಮುಖಗಳು ಕಾಣಿಸಿಕೊಂಡವು. ಅವನು ಖಾಲಿ ಕ್ರೇಟನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಟ್ಟಿಯ ಮುಂದೆ ಕುಳಿತು ಬಾಟಲಿ ತೊಳೆಯತೊಡಗಿದ.