ಮೂರನೆಯ ತಿರುವಿನ ಡೆಲ್ಫಿನಾ

ಸಾನ್ ಲೂಕಾ ಘಾಟಿಯಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಮೂರನೆಯ ತಿರುವು ಡೆಲ್ಫಿನಾಳದು. ಕಾಗದದಲ್ಲಿ ರಸ್ತೆ ಸರ್ಕಾರದ್ದೇ. ಆದರೆ ಯಾರ ಆಲಿವ್ ಮರ ರಸ್ತೆಯ ಮೇಲೆ ಬಾಗಿದೆಯೋ ಅಷ್ಟು ತುಂಡನ್ನು ಅವರೇ ಗುಡಿಸಬೇಕೆಂಬುದು ಲಿಗೂರಿಯಾದ ಈ ಬೆಟ್ಟಗಳಲ್ಲಿ ಯಾರೂ ಬರೆದಿಡದ ಕಟ್ಟಳೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಯಿ ಉದುರುತ್ತಲೇ ಇರುತ್ತದೆ. ಕಾರಿನ ಚಕ್ರಗಳು ಅದನ್ನು ಅರೆಯುತ್ತವೆ. ಮೇಲೊಂದು ತುಂತುರು ಬಿದ್ದರೆ ಸಾಕು, ಡಾಂಬರು ಎಣ್ಣೆ ಸವರಿದ ಕಾವಲಿಯಾಗುತ್ತದೆ. ಕರಾವಳಿಯಿಂದ ಹತ್ತು ಮೈಲಿ ಏದುಸಿರು ಬಿಟ್ಟು ಘಾಟಿ ಹತ್ತಿದ ಸೈಕಲ್ ಸವಾರರು ತಲೆ ತಗ್ಗಿಸಿ ಬಾಣದಂತೆ ಇಳಿಯುವುದು ಈ ಕಾವಲಿಯ ಮೇಲೆಯೇ.

ಮದುವೆಯಾಗಿ ಬಂದ ವರ್ಷವೇ, ಚರ್ಮ ಹರಿದು ಹೊರಬಂದ ಒಬ್ಬನ ಮೊಣಕೈ ಮೂಳೆಯನ್ನು ಡೆಲ್ಫಿನಾ ತನ್ನ ಅಡುಗೆಬಟ್ಟೆಯಿಂದ ಕಟ್ಟಿದ್ದಳು. ಇನ್ನೊಬ್ಬನ ಮುರಿದ ಹಲ್ಲನ್ನು ಹಾಲಿನ ಲೋಟದಲ್ಲಿ ಹಾಕಿ ಅವನೊಂದಿಗೇ ಆಸ್ಪತ್ರೆಗೆ ಕಳಿಸಿದ್ದಳು. ಕೊಂಬೆ ಸವರುವಾಗ ಒಡ್ಡಿನ ಗೋಡೆಯಿಂದ ಬಿದ್ದು ಗಂಡ ಸತ್ತ ಮೇಲೆ ತೋಟವೂ ತಿರುವೂ ಅವಳೊಬ್ಬಳ ಪಾಲಿಗೆ ಬಂದವು. ದಿನಾ ಬೆಳಿಗ್ಗೆ, ಐದು ವರ್ಷದ ಮಗಳು ನೋರ್ಮಾಳಿಗೆ ಹಾಲು ಬಿಸಿಮಾಡಿಟ್ಟು ಪೊರಕೆ ಹಿಡಿದು ರಸ್ತೆಗೆ ಇಳಿಯುವಳು. ಗುಡಿಸಿ, ಎಣ್ಣೆಯ ಕಲೆಗಳ ಮೇಲೆ ಮರದ ಪುಡಿ ಚೆಲ್ಲಿ, ಅದು ಹೀರಿಕೊಂಡ ಮೇಲೆ ಮತ್ತೆ ಗುಡಿಸಿ, ಶಾಲೆಯ ವ್ಯಾನು ಬರುವುದರೊಳಗೆ ಮಗಳ ಜಡೆ ಹಾಕಲು ಮನೆ ಸೇರುವಳು.

ತಿರುವಿನ ಕೆಳಗಿನ ತೋಟ ಸೆಟ್ಟಿಮಿಯೋನದು. ಅರವತ್ತು ದಾಟಿದ ಒಂಟಿ ಮನುಷ್ಯ. ಊರಿನ ಹಿರಿಯ ಗಂಡಸರನ್ನೆಲ್ಲ ಕರೆಯುವಂತೆ ಅವನನ್ನೂ ಅವಳು ಬಾರ್ಬಾ ಎನ್ನುತ್ತಿದ್ದಳು. ಹಿಂದಿನ ಚಳಿಗಾಲದಲ್ಲಿ ಸವಾರನೊಬ್ಬ ಅವನ ನಾಯಿಗೆ ಗುದ್ದಿ, ನಿಲ್ಲದೆ ಹೋಗಿಬಿಟ್ಟಿದ್ದ. ಬೆನ್ನು ಮುರಿದು ಒದ್ದಾಡುತ್ತಿದ್ದ ನಾಯಿಯನ್ನು ಸೆಟ್ಟಿಮಿಯೋ ತಾನೇ ಗುದ್ದಲಿಯಿಂದ ಮುಗಿಸಿದ. ಮರುವಾರ, ಅದೇ ಬಣ್ಣದ ಅಂಗಿ ತೊಟ್ಟು ಬಂದವನನ್ನು ಕಾಯಿ ಬಡಿಯುವ ಗಳುವಿನಿಂದ ಕೆಡವಿ ಮೂರು ಪಕ್ಕೆಲುಬು ಮುರಿದ. ಏಟು ತಿಂದ ಆ ಬಡಪಾಯಿಯೋ, ನಾಯಿಯನ್ನು ಕಣ್ಣಿನಿಂದಲೂ ಕಂಡವನಲ್ಲ.

“ಒಂದಿನ ಆ ತಿರುವಿಗೆ ಡಬ್ಬಿಗಟ್ಲೆ ಎಣ್ಣೆ ಸುರೀತೀನಿ, ನೋಡ್ತಾ ಇರಿ!” ಎಂದು ಅವನು ಬಾರಿನಲ್ಲಿ ತುಂಬಿದ ಜನರ ನಡುವೆ ಕೂಗಾಡಿದ್ದ.

“ನೀನಾ ಸುರಿಯೋನು? ಸೊಪ್ಪಿಗೆ ಎರಡು ಹನಿ ಹಾಕೋಕೇ ಕೈ ನಡುಗತ್ತೆ ನಿಂಗೆ!” ಎಂದಿದ್ದಳು ಬಾರಿನ ಒಡತಿ. ಎಲ್ಲರೂ ನಕ್ಕಿದ್ದರು. ಆದರೆ ಆ ಮಾತು ಘಾಟಿ ಇಳಿದು ಕರಾವಳಿಯ ಸೈಕಲ್ ಸಂಘದವರ ಕಿವಿಗೂ ಬಿದ್ದಿತ್ತು.

ಡಿಸೆಂಬರ್‌ನ ಒಂದು ಶನಿವಾರ ಡೆಲ್ಫಿನಾಳ ಬಳಿ ಮರದ ಪುಡಿ ಇರಲಿಲ್ಲ. ಸಾಕಿದ ಮೊಲಕ್ಕೆ ಚಳಿಯಾಗುತ್ತದೆಂದು ನೋರ್ಮಾ ಅತ್ತದ್ದಕ್ಕೆ, ಉಳಿದಿದ್ದ ಪುಡಿಯನ್ನೆಲ್ಲ ಹಿಂದಿನ ಸಂಜೆ ಗೂಡಿಗೆ ಹಾಸಿಬಿಟ್ಟಿದ್ದಳು. ಒಲೆಯ ಬೂದಿಯೂ ಎಣ್ಣೆ ಹೀರುತ್ತದಲ್ಲ ಎಂದುಕೊಂಡು ಒಂದು ಬಕೆಟ್ ಬೂದಿಯನ್ನು ತಿರುವಿನುದ್ದಕ್ಕೂ ದಪ್ಪಗೆ ಹರವಿದಳು. ಆಮೇಲೆ ಗುಡಿಸಿದರಾಯಿತೆಂದು ಉದುರುವ ಕಾಯಿ ಹಿಡಿಯಲು ಮರದಡಿ ಹಾಸುವ ಬಲೆ ಬಿಚ್ಚಲು ತೋಟ ಹತ್ತಿದಳು. ಒಂಬತ್ತೂವರೆಗೆ ಸಣ್ಣ ಮಳೆ ಹನಿಯಿತು.

ಹತ್ತಕ್ಕೆ ಮೇಲಿನಿಂದ ಚಕ್ರಗಳ ಕಿರ್ರೆನ್ನುವ ಸದ್ದು ಕೇಳಿತು. ಬರುತ್ತಿದ್ದವರು ಎಂಟು ಮಂದಿ ಸವಾರರು. ಆಮೇಲೆ ಬ್ರೇಕು, ಕಿರುಚಾಟ, ಕಬ್ಬಿಣಕ್ಕೆ ಕಲ್ಲು ಬಡಿದ ಸದ್ದು. ಕೊನೆಗೆ ತುಂಬಿದ ಮೂಟೆಯನ್ನು ಎತ್ತರದಿಂದ ಒಗೆದಂಥ ಒಂದು ಧಡ್.

ಅವಳು ಓಡಿದಳು. ಮೂವರು ರಸ್ತೆಯಲ್ಲಿ ಬಿದ್ದಿದ್ದರು. ಒಬ್ಬನ ಕೆನ್ನೆಯ ಚರ್ಮ ಡಾಂಬರಿಗೇ ಅಂಟಿತ್ತು. ನಾಲ್ಕನೆಯವನು, ಬಂದರಿನ ಬೇಕರಿಯ ಒರೆಸ್ತೆ, ತಡೆಗೋಡೆ ಹಾರಿ ಸೆಟ್ಟಿಮಿಯೋನ ತೋಟಕ್ಕೆ ಬಿದ್ದಿದ್ದ. ಅವನ ತೊಡೆ, ಕೀಲೇ ಇಲ್ಲದ ಕಡೆ ಮಡಚಿಕೊಂಡಿತ್ತು.

ರಸ್ತೆಯಲ್ಲಿ ಬಿದ್ದಿದ್ದ ಒಬ್ಬನನ್ನು ಎತ್ತಲು ಬಗ್ಗಿ ಡೆಲ್ಫಿನಾ ನೆಲಕ್ಕೆ ಕೈಯೂರಿದಳು. ಕೈ ಸರ್ರನೆ ಜಾರಿತು. ರಸ್ತೆಯ ತುಂಬ ಬೂದು ನೊರೆ. ಬೆರಳು ಉಜ್ಜಿ ನೋಡಿದಳು, ಮೂಸಿದಳು. ಅಜ್ಜಿ ಬಟ್ಟೆ ಒಗೆಯಲು ಹಂಡೆಯಲ್ಲಿ ಕುದಿಸುತ್ತಿದ್ದದ್ದೂ ಇದೇ: ಎಣ್ಣೆಯ ಗಷ್ಟು, ಒಲೆಯ ಬೂದಿ, ಮಳೆನೀರು. ತನ್ನ ಕೈಯಾರೆ ತಿರುವಿಗೆಲ್ಲ ಸಾಬೂನು ಬಳಿದಿದ್ದಳು.

“ಸೋಪು ಕಣ್ರೋ! ಯಾರೋ ಸೋಪು ಸುರಿದಿದ್ದಾರೆ!” ಸವಾರನೊಬ್ಬ ಕಿರುಚಿದ.

“ಯಾರೋ ಏನು ಬಂತು, ಎಣ್ಣೆ ಸುರೀತೀನಿ ಅಂದಿದ್ನಲ್ಲ ಆ ನಾಯಿ ಮುದುಕ, ಅವನೇ! ನೋಡಲ್ಲಿ, ಒರೆಸ್ತೆ ಮೇಲೇ ಕೂತಿದ್ದಾನೆ!” ಇನ್ನೊಬ್ಬ ಗೋಡೆಯಾಚೆ ಬೆರಳು ತೋರಿಸಿದ.

ಸೆಟ್ಟಿಮಿಯೋ ಕೂತಿದ್ದು ನಿಜ. ಒರೆಸ್ತೆಯ ತೊಡೆಯಿಂದ ರಕ್ತ ಚಿಮ್ಮುತ್ತಿತ್ತು; ತನ್ನ ಸೊಂಟದ ಬೆಲ್ಟನ್ನು ಗಾಯದ ಮೇಲ್ಗಡೆ ಬಿಗಿದು, ಮಂಡಿಯೂರಿ ಎಳೆದು ಹಿಡಿದಿದ್ದ. ಬೀಳದೆ ಉಳಿದಿದ್ದ ನಾಲ್ವರು ಗೋಡೆಯಿಂದ ಧುಮುಕಿ ಅವನನ್ನು ಕೂದಲು ಹಿಡಿದೆಳೆದರು.

“ಬಿಡ್ರೋ ಕತ್ತೆಗಳಾ! ಬೆಲ್ಟು ಸಡಿಲಾದ್ರೆ ಇವನು ಸಾಯ್ತಾನೆ!”

ಅವರಿಗೆ ಕೇಳಿಸಲಿಲ್ಲ. ಮೊದಲು ಅವನ ಗಳುವಿನಿಂದಲೇ ಬಡಿದರು, ಅದು ಮುರಿಯಿತು. ಆಮೇಲೆ ಕಾಲು. ಸೈಕಲ್ ಬೂಟಿನ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳಲೆಂದು ಗಟ್ಟಿ ಅಚ್ಚು ಇರುತ್ತದೆ. ಅದು ಪಕ್ಕೆಗೆ ಬಿದ್ದಾಗ ಒಂದು ಸದ್ದು, ಮುಖಕ್ಕೆ ಬಿದ್ದಾಗ ಇನ್ನೊಂದು.

ಡೆಲ್ಫಿನಾ ಗೋಡೆಯ ಬಳಿ ನಿಂತಿದ್ದಳು. ‘ನಾನು ಮಾಡಿದ್ದು’ ಎನ್ನಬೇಕೆಂದು ತೆರೆದ ಬಾಯಿ ತೆರೆದೇ ಇತ್ತು. ತನ್ನನ್ನು ಒಯ್ಯುವ ಪೊಲೀಸರ ಜೀಪು ಕಣ್ಣಿಗೆ ಕಟ್ಟಿತು. ನಾದಿನಿಯ ಅಡುಗೆಮನೆಯ ಮೂಲೆಯಲ್ಲಿ ಯಾರೂ ಜಡೆ ಹಾಕದ ನೋರ್ಮಾ ಕಂಡಳು. ಒದೆಗಳು ಬೀಳುತ್ತಲೇ ಇದ್ದವು. ಅಷ್ಟರಲ್ಲಿ ಒರೆಸ್ತೆಯ ತೊಡೆಯ ಬೆಲ್ಟು ಬಿಚ್ಚಿಕೊಂಡದ್ದು, ಅವನ ತುಟಿ ಹಿಟ್ಟಿನ ಬಣ್ಣಕ್ಕೆ ತಿರುಗಿದ್ದು ಕಾಣಿಸಿತು.

ಅವಳು ಧುಮುಕಿದಳು. “ನಾನು ಮಾಡಿದ್ದು! ನಾನು!”

“ನೀವು ದೂರ ಇರಿ, ತಾಯಿ!” ಒಬ್ಬ ಮೊಣಕೈಯಿಂದ ನೂಕಿದ.

ಮುರಿದ ಗಳುವಿನ ತುಂಡನ್ನು ಎತ್ತಿಕೊಂಡು, ಎಲ್ಲರಿಗಿಂತ ದೊಡ್ಡವನ ಬೆನ್ನಿಗೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದಳು. “ಬೂದಿ ನಂದು ಕಣೋ! ಎಣ್ಣೆ ಮೇಲೆ ಹಾಕ್ದೆ, ಮಳೆ ಬಂತು, ಸೋಪಾಯ್ತು! ಆ ಮುದುಕನಿಗೆ ಏನೂ ಗೊತ್ತಿಲ್ಲ!”

ಅವನು ತಿರುಗಿದವನೇ ಅವಳ ಬಾಯಿಗೆ ಗುದ್ದಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಆಮೇಲೆ, ತಾನು ಯಾರಿಗೆ ಹೊಡೆದೆನೆಂದು ಕಂಡು, ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಅವಳು ಹಲ್ಲುಗಳನ್ನು ಉಗಿದು, ಒರೆಸ್ತೆಯ ಬಳಿ ಕುಕ್ಕರಿಸಿ, ಬೆಲ್ಟನ್ನು ಮಂಡಿ ಕೊಟ್ಟು ಬಿಗಿದಳು.

“ಬಾ ಇಲ್ಲಿ. ಇದನ್ನ ಗಟ್ಟಿಯಾಗಿ ಹಿಡ್ಕೋ. ಹೊಡೆಯೋದು ಆಮೇಲೆ.”

ಆ ದೊಡ್ಡ ಮನುಷ್ಯ ಬಂದು ಹಿಡಿದುಕೊಂಡ.

ಒರೆಸ್ತೆ ಬದುಕಿಕೊಂಡ. ಒಂದು ಕಾಲು ಗಿಡ್ಡವಾಯಿತು. ಸೆಟ್ಟಿಮಿಯೋನ ಎಡಗಣ್ಣು ಹೋಯಿತು.

ನಾಲ್ಕನೆಯ ದಿನ ಡೆಲ್ಫಿನಾ ತರಕಾರಿ ಸೂಪು ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಸೆಟ್ಟಿಮಿಯೋನ ಎರಡೂ ಕೈಗೆ ಪಟ್ಟಿ ಸುತ್ತಿದ್ದರಿಂದ ತಾನೇ ಚಮಚದಲ್ಲಿ ಕುಡಿಸಿದಳು.

“ಉಪ್ಪಿಲ್ಲ.”

“ತುಟಿ ಒಡೆದಿದೆ ಬಾರ್ಬಾ, ಉರಿಯತ್ತೆ ಅಂತ ಹಾಕಿಲ್ಲ.”

“ನಿಂಗೂ ಒಡೆದಿದೆ. ಹಲ್ಲಿಲ್ದೆ ನಮ್ಮಜ್ಜಿ ಥರ ಕಾಣ್ತೀಯ.” ಅವನು ನುಂಗಿದ. ಉಳಿದ ಕಣ್ಣನ್ನು ಕಿಟಕಿಯ ಕಡೆ ಹೊರಳಿಸಿದ. “ನಾನು ನೋಡ್ತಾ ಇದ್ದೆ ಕಣೇ. ಗೋಡೆ ಹತ್ರ ನಿಂತಿದ್ದೆ ನೀನು.”

ಅವಳು ಚಮಚವನ್ನು ಬಟ್ಟಲಲ್ಲಿಟ್ಟಳು. “ಎಷ್ಟು ಹೊತ್ತು?”

“ಹನ್ನೊಂದು ಒದೆ.”

“ಕಣ್ಣು ಹೋಗಿದ್ದು ಎಷ್ಟನೇದಕ್ಕೆ?”

“ಒಂಬತ್ತನೇದಕ್ಕೆ.” ಅವನು ಅವಳ ಕಡೆ ತಿರುಗಿದ. “ಮೊದಲ್ನೇದಕ್ಕೇ ಬಂದಿದ್ರೆ ಅಷ್ಟೂ ನಿಂಗೆ ಬೀಳೋದು. ಕಡ್ಡಿ ಥರ ಇದ್ದೀಯ, ಸಾಯ್ತಿದ್ದೆ. ಮಗು ಇದೆ ನಿಂಗೆ. ನಾನು ಯಾರಿಗೂ ಹೇಳಲ್ಲ, ನೀನೂ ಹೇಳ್ಬೇಡ. ಸೂಪು ಕೊಡು.”

ಅವಳು ಬಟ್ಟಲು ಖಾಲಿಯಾಗುವವರೆಗೂ ಕುಡಿಸಿದಳು, ಗಲ್ಲ ಒರೆಸಿದಳು, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದಳು.

ಠಾಣೆಯ ಅಧಿಕಾರಿ ಹೇಳಿಕೆಯನ್ನು ಟೈಪು ಮಾಡಿ ಮುಗಿಸಿದ್ದ. “ಬೂದಿ ವಿಷಯ ಎಲ್ಲ ಬಂದಿದೆ, ಸಿನ್ಯೋರಾ. ಬೇಕಂತ ಮಾಡಿದ್ದಲ್ಲ ಅಂತ್ಲೂ ಹಾಕಿದೀನಿ. ಇಲ್ಲಿ ಸಹಿ ಮಾಡಿ.”

“ಇನ್ನೊಂದು ಸಾಲಿದೆ. ಬೂದಿ ನಂದೇ ಅಂತ ಗೊತ್ತಿದ್ದೂ, ಹನ್ನೊಂದು ಒದೆ ಬೀಳೋವರೆಗೆ ಸುಮ್ನೆ ನಿಂತಿದ್ದೆ ಅಂತ ಹಾಕಿ.”

“ಅದನ್ನ ಯಾರೂ ಕೇಳ್ಲಿಲ್ವಲ್ಲ! ಊರೆಲ್ಲ ಆಡ್ಕೊಳ್ಳತ್ತೆ. ನಾಳೆ ನಿಮ್ಮ ಮಗಳ ಕಿವಿಗೂ ಬೀಳತ್ತೆ.”

“ಅವಳಿಗೆ ನಾನೇ ಹೇಳ್ತೀನಿ. ನೀವು ಹಾಕಿ.”

ಅವನು ನಿಟ್ಟುಸಿರು ಬಿಟ್ಟು ಟೈಪು ಮಾಡಿ ಕಾಗದವನ್ನು ಅವಳ ಮುಂದಿಟ್ಟ. ಅವಳು ಬೆರಳಿಟ್ಟು ಓದಿದಳು.

“ಇಲ್ಲಿ ‘ಹೆದರಿಕೊಂಡು’ ಅಂತಿದೆ. ನಾನು ಹೇಳಿರ್ಲಿಲ್ಲ.”

“ಹೆದರಿರ್ಲಿಲ್ವಾ ನೀವು?”

“ಹೆದರಿದ್ದೆ,” ಎಂದಳು ಡೆಲ್ಫಿನಾ. “ಆದ್ರೂ ತೆಗೀರಿ ಅದನ್ನ.”

ಅವನು ಪೆನ್ನಿನಿಂದ ಆ ಪದವನ್ನು ಹೊಡೆದುಹಾಕಿದ. ಅವಳು ಸಹಿ ಮಾಡಿದಳು.