ಕರಾರಿಗೆ ಮುಂಚಿನ ಮೊಳೆ

ಮಹಡಿಯ ಬಾಡಿಗೆ ಮನೆಯಲ್ಲಿ ಹೊಲಿಗೆಯವಳು ಹೊಡೆದ ಮೊಳೆಗಳಿಗೆ ಲೆಕ್ಕವಿರಲಿಲ್ಲ. ಒಂದರಲ್ಲಿ ಕತ್ತರಿ, ಇನ್ನೊಂದರಲ್ಲಿ ಅಳತೆ ಟೇಪು, ಕಿಟಕಿ ಪಕ್ಕದ ಸಾಲಿನಲ್ಲಿ ತೋಳು ಕೂಡಿಸದ ಅಂಗಿಗಳು.

ಏಳು ವರ್ಷದ ಹಿಂದೆ ತುಂಬು ಬಸುರಿಯಾಗಿ ಮನೆ ಕೇಳಲು ಬಂದಾಗ, ಕೆಳಗೆ ವಾಸವಿದ್ದ ಮನೆಯೊಡತಿ ಅಜ್ಜಿ, “ಮೊದ್ಲು ಕೂತ್ಕೋ ತಾಯಿ, ಮಾತು ಆಮೇಲೆ” ಅಂದಿದ್ದರು. ಆ ಮಾತು ಕಾಗದದವರೆಗೆ ಹೋಗಲೇ ಇಲ್ಲ. ಲಾರಿ ಓಡಿಸುತ್ತ ಊರೂರು ಸುತ್ತುವ ಗಂಡನಿಗೂ ಅದೇ ಹಿತವಾಗಿತ್ತು. ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿರಲಿಲ್ಲ. ಅಜ್ಜಿಯೊಡನೆ ಜಗಳವಾದರೆ, “ನಾಳೇನೇ ಖಾಲಿ ಮಾಡ್ತೀನಿ” ಎಂದು ದಡದಡ ಮೆಟ್ಟಿಲು ಹತ್ತಿಬಿಡಬಹುದಿತ್ತು. “ಮಾಡು, ಯಾರು ಹಿಡ್ಕೊಂಡಿದ್ದಾರೆ!” ಎಂದು ಅಜ್ಜಿ ಕೆಳಗಿನಿಂದ ಕೂಗುವರು. ಸಂಜೆಗೆ ಇಬ್ಬರಿಗೂ ಮರೆತಿರುತ್ತಿತ್ತು.

ಆದರೆ ಅಜ್ಜಿಯ ಮಗ ಬಂದು ಕೋಣೆಗಳನ್ನು ಕಣ್ಣಲ್ಲೇ ಅಳೆದು ಹೋದ ದಿನ, ಎಲ್ಲಿ ಮನೆ ಬಿಡಿಸುತ್ತಾನೋ ಎಂದು ಅವಳ ಹೊಲಿಗೆ ಓರೆಯಾಗುತ್ತಿತ್ತು.

ಮಗಳನ್ನು ಶಾಲೆಗೆ ಸೇರಿಸುವ ಕಾಲ ಬಂತು. ಬೀದಿ ತುದಿಯ ಶಾಲೆ. ಮಗು ನಡೆದೇ ಹೋಗಬಹುದು. ಗುಮಾಸ್ತ ಅರ್ಜಿ ತಿರುವಿ ನೋಡಿದ.

“ಈ ವಿಳಾಸದಲ್ಲಿ ಇದ್ದೀರಿ ಅನ್ನೋದಕ್ಕೆ ಏನಿದೆ? ಶುಕ್ರವಾರದೊಳಗೆ ಬಾಡಿಗೆ ಕರಾರು ತನ್ನಿ. ಇಲ್ದಿದ್ರೆ ಸೀಟು ಬೇರೆಯವರಿಗೆ.”

“ನಿಮ್ಮ ಮೈಮೇಲಿನ ಕಾಲರ್ ಕೂಡ ನಾನು ಆ ಮನೇಲೇ ಹೊಲಿದದ್ದು ಸಾರ್.”

“ಕಾಲರ್ ಬಿಚ್ಚಿ ಫೈಲಿಗೆ ಹಾಕೋಕಾಗಲ್ವಲ್ಲಮ್ಮ.”

ಕರಾರಿನ ಮಾತೆತ್ತಿದ್ದೇ ಅಜ್ಜಿಯ ಮುಖ ಗಂಟಾಯಿತು. “ಏಳು ವರ್ಷ ಇಲ್ಲದ ಕಾಗದ ಈಗ್ಯಾಕೆ? ನಾಳೆ ಮನೇನೇ ನಂದು ಅಂತೀಯಾ?” ಬಾಗಿಲು ರಪ್ಪನೆ ಮುಚ್ಚಿತು.

ಗುರುವಾರ ಅದೇ ಅಜ್ಜಿ ರವಿಕೆಯ ಅಳತೆ ಕೊಡಲು ಮೇಲೆ ಬಂದರು. ಮುನಿಸಿದ್ದರೂ ಬೇರೆಯವರ ಹೊಲಿಗೆ ಅವರಿಗೆ ಒಗ್ಗದು. ಹೊಲಿಗೆಯವಳು ಅಳತೆ ಬರೆದು, ಎಲ್ಲ ಗಿರಾಕಿಗಳಿಗೆ ಹಿಡಿಯುವಂತೆ ಪುಸ್ತಕವನ್ನು ಸಹಿಗೆ ಮುಂದೆ ಹಿಡಿದಳು.

“ಇಷ್ಟು ವರ್ಷ ಆದ್ರೂ ನನ್ನ ಹತ್ರ ಇನ್ನೂ ಸಹೀನಾ? ನಂಬಿಕೆ ಇಲ್ವಾ?”

“ನಿಮ್ಮ ಮೇಲಿದೆ ಅಜ್ಜಿ, ನನ್ನ ನೆನಪಿನ ಮೇಲಿಲ್ಲ. ನಾಳೆ ತೋಳು ಗಿಡ್ಡ ಆಯ್ತು ಅಂತ ನಾವಿಬ್ರೂ ಕಿತ್ತಾಡಬಾರದಲ್ಲ.”

ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಒಂದು ತೋಳಿಗೆ ಬರೆಸಿಕೊಳ್ಳುವವಳು ತಲೆ ಮೇಲಿನ ಸೂರಿಗೆ ಬರೆಸಿಕೊಂಡಿರಲಿಲ್ಲ.

ಅಜ್ಜಿ ಹಿಂದಿನ ಹಾಳೆಗಳನ್ನು ಮಗುಚಿದರು. ಏಳು ವರ್ಷದ ತಮ್ಮದೇ ಸಹಿಗಳು. ಅಳತೆಗಾಗಿ ಒಮ್ಮೆಯೂ ಕಿತ್ತಾಡಿರಲಿಲ್ಲ.

“ಸರಿ, ಕರಾರು ಬರ್ಸು. ಒಂದು ವರ್ಷಕ್ಕೆ. ಬಿಡೋದಾದ್ರೂ ಬಿಡ್ಸೋದಾದ್ರೂ ಎರಡು ತಿಂಗಳು ಮೊದಲೇ ಹೇಳ್ಬೇಕು. ನನ್ನ ಕೇಳದೆ ಮೊಳೆ ಹೊಡೆಯೋ ಹಾಗಿಲ್ಲ.”

ಎರಡು ತಿಂಗಳೆಂದರೆ ಅಜ್ಜಿಯ ಮಗನೂ ಕಾಯಬೇಕು. ಅವಳೆದೆ ಹಗುರವಾಯಿತು. ಜೊತೆಗೇ, ಇನ್ನು “ನಾಳೇನೇ” ಎನ್ನಲಾಗದಲ್ಲ ಎಂದು ಸಣ್ಣಗೆ ಚುರುಕ್ಕೆಂದಿತು.

ಶುಕ್ರವಾರ ಬೆಳಿಗ್ಗೆ ಕಾಗದ ಮೇಜಿನ ಮೇಲಿತ್ತು. ಪೆನ್ನು ಹಿಡಿದವಳು, “ಒಂದ್ನಿಮಿಷ ಅಜ್ಜಿ” ಎಂದು ಎದ್ದು, ಬಾಗಿಲ ಪಕ್ಕ ಮಗಳ ಕೈಗೆಟಕುವಷ್ಟು ಕೆಳಗೆ ಒಂದು ಮೊಳೆ ಹೊಡೆದಳು.

“ಅದ್ಯಾತಕ್ಕೆ?”

“ಶಾಲೆ ಚೀಲಕ್ಕೆ.”

ಅಜ್ಜಿ ಗೋಡೆ ನೋಡಿದರು, ಕಾಗದ ನೋಡಿದರು. “ನೀರಿನ ಬಾಟ್ಲಿಗೂ ಒಂದು ಹೊಡ್ಕೋ. ಸಹಿ ಆದ್ಮೇಲೆ ನಾನು ಒಪ್ಪಲ್ಲ.”