ಎಂಬತ್ತು ಹರ್ಟ್ಸ್‌ಗಿಂತ ಕೆಳಗೆ ಹಾಡಿದವರು

ಕಳೆದ ವರ್ಷದ ಚಳಿಗಾಲ. ನಾನು ವೆಲ್ಲಿಂಗ್ಟನ್ನಿನ ಒಂದು ಸ್ಟುಡಿಯೋದಲ್ಲಿ ಸೀನಿಯರ್ ಸೌಂಡ್ ಎಂಜಿನಿಯರ್ ಆಗಿದ್ದೆ. ಹತ್ತಿರದ ಊರಾದ ಪೊರಿರುವಾದ ಮರದ ಚರ್ಚೊಂದರಲ್ಲಿ ರಷ್ಯನ್ ಗಾಯಕವೃಂದದ ರೆಕಾರ್ಡಿಂಗ್ ನನ್ನ ಪಾಲಿಗೆ ಬಂತು. ಪ್ರಾರ್ಥನಾ ಗೀತೆಗಳು ಹಳೆಯವಲ್ಲ. ವೃಂದದ ನಾಯಕಿ ಲ್ಯುದ್ಮಿಲಾ ತಾವೇ ಈಚೆಗೆ ರಚಿಸಿದವು. ಅವರ ಪರಂಪರೆಯಲ್ಲಿ ವಾದ್ಯಗಳಿಲ್ಲ. ಶ್ರುತಿ, ಆಧಾರ ಎಲ್ಲವೂ ಮನುಷ್ಯರ ಗಂಟಲೇ.

ಆ ಆಧಾರವೇ ಪಾವೆಲ್ ಎಂಬ ಹಿರಿಯರು. ಸಾಮಾನ್ಯ ಬೇಸ್ ಗಾಯಕರಿಗಿಂತ ಒಂದು ಸ್ಥಾಯಿ ಕೆಳಗೆ ಹಾಡುವ ಇಂಥವರನ್ನು ಆಕ್ಟವಿಸ್ಟ್ ಎನ್ನುತ್ತಾರೆ. ಅವರ ಗಂಟಲಿಗೆ ಮುಂದಿನ ವಾರವೇ ಆಪರೇಷನ್ ಇತ್ತು. ಆಮೇಲೆ ಹಾಡಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ದನಿ ಉಳಿಯಲಿ ಎಂದೇ ಲ್ಯುದ್ಮಿಲಾ ಅವಸರದಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡಿದ್ದು. ರಿಹರ್ಸಲ್‌ಗೆ ನನ್ನ ಹೆಂಡತಿ ಸುಮಾಳೂ ಬಂದಿದ್ದಳು. ಪಾವೆಲ್ ಸ್ವರ ಹಿಡಿದಾಗ ನಾವು ಕೂತ ಬೆಂಚೇ ಅದುರಿತು. "ಈ ಅಂಕಲ್ ಹಾಡಿದ್ರೆ ಹೊಟ್ಟೇಲಿ ಕೇಳ್ಸತ್ತೆ ಕಣ್ರೀ" ಎಂದಳು.

ರೆಕಾರ್ಡಿಂಗ್ ದಿನ ಹೊರಗೆ ಗಾಳಿ, ಪಕ್ಕದ ಮೋಟರ್‌ವೇಯಲ್ಲಿ ಟ್ರಕ್ಕುಗಳು. ಮೈಕ್‌ನಲ್ಲಿ ಲೋ-ಕಟ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಎಂಬತ್ತು ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ಅದು ಒಳಗೆ ಬಿಡದು. ನನ್ನದು ಕನ್ನಡ ಸಂಘದ ಭಜನೆ, ಸುಗಮ ಸಂಗೀತ ರೆಕಾರ್ಡ್ ಮಾಡಿ ಪಳಗಿದ ಕೈ. ನಮ್ಮವರ ಗಂಟಲು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಮೈಕ್ ಇಟ್ಟೊಡನೆ ಆ ಸ್ವಿಚ್ ಒತ್ತುವುದು ನನಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಷ್ಟು ಸಹಜ. ಒತ್ತಿದೆ. ಹೆಡ್‌ಫೋನ್ ಹಾಕಿದ್ದೆ ನಿಜ. ಆದರೆ ಪಾವೆಲ್ ಅವರ ಪಕ್ಕದಲ್ಲೇ ಕೂತಿದ್ದೆನಲ್ಲ, ನೆಲದಿಂದ ಮೈಗೆ ಹತ್ತಿದ ನಡುಕವನ್ನೇ ರೆಕಾರ್ಡ್ ಆಗುತ್ತಿರುವ ದನಿ ಎಂದುಕೊಂಡೆ.

ಎರಡು ವಾರದ ಮೇಲೆ ಮನೆಯಲ್ಲಿ ಹಾಕಿ ಕೇಳಿಸಿದೆ. ಸುಮಾ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿದಳು.

"ಏನ್ರೀ, ಆ ಅಂಕಲ್ ಎಲ್ಲಿ?"

"ಇದ್ದಾರಲ್ಲೇ, ಸರಿಯಾಗಿ ಕೇಳು."

"ಎಲ್ಲಿದಾರೆ? ಏನೋ ಕೆರಕೆರ ಅಂತಿದೆ, ಅಷ್ಟೆ."

ಪಾವೆಲ್ ಮುಟ್ಟಿದ ಸ್ವರ ಐವತ್ತೈದು ಹರ್ಟ್ಸ್. ಅದರ ಮೇಲಿನ ತೆಳು ನಾದಗಳು ಉಳಿದಿದ್ದವು, ಬುಡ ಹೋಗಿತ್ತು. ಕಂಪ್ಯೂಟರಿನಲ್ಲಿ ಆ ಕೆಳಗಿನ ದನಿಯನ್ನು ಎತ್ತಿ ನೋಡಿದೆ. ಮೈಕ್ ಒಳಗೇ ಬಿಡದ್ದನ್ನು ಎತ್ತುವುದು ಎಲ್ಲಿಂದ? ಅಳಿದುಳಿದ ಟ್ರಕ್ಕಿನ ಸದ್ದು ಬಂತು. ಮತ್ತೆ ಹಾಡಿಸೋಣವೆಂದರೆ ಆಪರೇಷನ್ ಮುಗಿದುಹೋಗಿತ್ತು. ಈ ಮುಖವನ್ನು ಅವರಿಗೆ ಹೇಗೆ ತೋರಿಸಲಿ ಎಂದು ಎರಡು ದಿನ ಫೋನನ್ನೇ ಎತ್ತಲಿಲ್ಲ.

ಕೊನೆಗೆ ಪಾವೆಲ್ ಅವರ ಮನೆಗೇ ಹೋದೆ. ಲ್ಯುದ್ಮಿಲಾ ಅಲ್ಲಿದ್ದರು. ಆದದ್ದನ್ನೆಲ್ಲ ಹೇಳಿ ಕೇಳಿಸಿದೆ. ಕತ್ತಿಗೆ ಬ್ಯಾಂಡೇಜು ಸುತ್ತಿದ್ದ ಪಾವೆಲ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಪಿಸುದನಿಯಲ್ಲಿ, "ಉಳಿದವರು ಚೆನ್ನಾಗಿ ಹಾಡಿದ್ದಾರೆ. ಬಿಡುಗಡೆ ಮಾಡಿ. ನನ್ನ ಹೆಸರು ಮಾತ್ರ ತೆಗೆದುಬಿಡಿ. ನಾನು ಇದರಲ್ಲಿಲ್ಲ" ಎಂದರು.

ನಾಚಿಕೆಯಿಂದ ಹಿಡಿಯಷ್ಟಾದೆ. "ಹಾಗಾದರೆ ನನ್ನ ಹೆಸರನ್ನೂ ತೆಗೆಯಿರಿ" ಎಂದೆ.

"ನಿಮ್ಮದು ಇರುತ್ತದೆ" ಎಂದರು ಲ್ಯುದ್ಮಿಲಾ. "ಇದು ನೀವು ಮಾಡಿದ ಕೆಲಸ ತಾನೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಎಲ್ಲಿ ಮೈಕ್ ಇಟ್ಟರೂ, ಎಲ್ಲರಿಗಿಂತ ಕೆಳಗೆ ಹಾಡುವವರು ಯಾರೆಂದು ಕೇಳಿ ಮೊದಲು ಅವರಿಂದ ಹಾಡಿಸುತ್ತೇನೆ. ಪಳಗಿದ ಕೈಯನ್ನು ಕಣ್ಣು ಮುಚ್ಚಿ ನಂಬಬಾರದು ಎಂಬುದು ಈ ವೃತ್ತಿ ಕಲಿಸಿದ ಪಾಠ. ಕಲಿತವನು ನಾನು, ಕಳೆದುಕೊಂಡವರು ಪಾವೆಲ್.